ಅಡ್ವಾನ್ಸ್ ಬಂತು, ರಿಜಿಸ್ಟ್ರೇಷನ್ ಮಾತ್ರ ಆಗ್ತಿಲ್ಲ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಮನೆ ಮಾರಲು ಮಾತಾಗಿದೆ, ಅಡ್ವಾನ್ಸ್ ಬಂದಿದೆ, ಆದರೆ ಕ್ರಯಪತ್ರ ನೋಂದಣಿ ತಿಂಗಳಿಂದ ತಿಂಗಳಿಗೆ ಮುಂದೆ ಹೋಗುತ್ತಿದೆ. ಮೂರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದದ ಉತ್ತರ ಬೇಕು. ಅದರಲ್ಲಿರುವ ಗಂಟುಗಳು ನಮ್ಮ ಎಷ್ಟೋ ಮನೆಗಳಲ್ಲಿವೆ.

ಪ್ರಶ್ನೆ: ಮೇಡಂ, ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ ಇದೆ. ನಗರಾಭಿವೃದ್ಧಿ ಪ್ರಾಧಿಕಾರದಿಂದ ಹಂಚಿಕೆಯಾದ ಸೈಟು. ತಂದೆ ತೀರಿಕೊಂಡು ಆರು ವರ್ಷ ಆಯಿತು, ಉಯಿಲು ಬರೆದಿಲ್ಲ. ಅಮ್ಮ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ. ಅಕ್ಕ ಹಾಸನದಲ್ಲಿ, ತಂಗಿ ಆಸ್ಟ್ರೇಲಿಯಾದಲ್ಲಿ. ಎಲ್ಲರೂ ಒಪ್ಪಿ 92 ಲಕ್ಷಕ್ಕೆ ಮಾತಾಡಿದೆವು. 5 ಲಕ್ಷ ಅಡ್ವಾನ್ಸ್ ಪಡೆದು ಮೂರು ತಿಂಗಳ ಕರಾರು ಮಾಡಿಕೊಂಡೆವು. ಈಗ ಎಂಟನೇ ತಿಂಗಳು. ಕೊಳ್ಳುವವರ ಬ್ಯಾಂಕು ಮೊದಲು ಇ.ಸಿ. (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ಕೇಳಿತು, ಆಮೇಲೆ ವಂಶವೃಕ್ಷ ಕೇಳಿತು. ಈಗ ಇ.ಸಿ.ಯಲ್ಲಿ ತಂದೆಯ 2009ರ ಸಾಲ ಇನ್ನೂ ಕಾಣಿಸುತ್ತಿದೆ ಅನ್ನುತ್ತಿದೆ. ಆ ಸಾಲ ಎಂದೋ ತೀರಿದೆ. ಕೊಳ್ಳುವವರು "ಬಾಡಿಗೆ ಮನೆ ಖಾಲಿ ಮಾಡಬೇಕು, ಕೀ ಆದರೂ ಕೊಡಿ" ಅಂತಿದ್ದಾರೆ. ತಡವಾಗಿದ್ದಕ್ಕೆ 3 ಲಕ್ಷ ಕಡಿಮೆ ಮಾಡಿ ಅಂತಲೂ ಕೇಳುತ್ತಿದ್ದಾರೆ. ಇನ್ನೊಬ್ಬರು ಜಾಸ್ತಿ ಬೆಲೆಗೆ ತಯಾರಿದ್ದಾರೆ. ಕರಾರಿನ ಅವಧಿ ಮುಗಿದಿದೆಯಲ್ಲ, ರದ್ದು ಮಾಡಬಹುದಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಕೀ ವಿಷಯ. ಕೊಡಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ, ನೋಂದಣಿಗೆ ಮುಂಚೆ ಮನೆ ಸ್ವಾಧೀನ ಕೊಡಬಾರದು. ಕರಾರಿನ ಜೊತೆ ಸ್ವಾಧೀನವನ್ನೂ ಕೊಟ್ಟರೆ ಕರ್ನಾಟಕದಲ್ಲಿ ಆ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ನಾಳೆ ವ್ಯವಹಾರ ಮುರಿದರೆ ಒಳಗೆ ಕುಳಿತವರನ್ನು ಎಬ್ಬಿಸಲು ಕೋರ್ಟಿಗೇ ಹೋಗಬೇಕು. ಅವರ ತೊಂದರೆಯೂ ನಿಜ, ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಎರಡನೆಯದು, ರದ್ದು ಮಾಡುವ ಮಾತು. ಅವಧಿ ಮುಗಿದ ಕೂಡಲೇ ಕರಾರು ಸತ್ತುಹೋಯಿತು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಸ್ಥಿರಾಸ್ತಿ ಮಾರಾಟದಲ್ಲಿ, ಇಷ್ಟೇ ದಿನದೊಳಗೆ ಮುಗಿಯಲೇಬೇಕು ಎಂಬ ಉದ್ದೇಶ ಕರಾರಿನಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ, ಕಾಲಮಿತಿಯೇ ಅದರ ಜೀವಾಳ ಅಂತ ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕರಾರಿನಂತೆ ಮಾರಿಕೊಡಿ ಅಂತ ದಾವೆ ಹಾಕಲು ಕೊಳ್ಳುವವರಿಗೆ ಮೂರು ವರ್ಷ ಸಮಯವಿದೆ. ದಾವೆ ನಡೆಯುವಾಗ ನೀವು ಬೇರೆಯವರಿಗೆ ಮಾರಿದರೂ ಆ ಮಾರಾಟ ಕೊನೆಯ ತೀರ್ಪಿಗೆ ಕಟ್ಟುಬಿದ್ದಿರುತ್ತದೆ. ಹೀಗೆ ಸಿಕ್ಕಿಹಾಕಿಕೊಂಡ ಮನೆಯನ್ನು ಯಾವ ಬ್ಯಾಂಕೂ ಮುಟ್ಟುವುದಿಲ್ಲ. ಅದೂ ಅಲ್ಲದೆ, ನಿಮ್ಮ ಪತ್ರ ಓದಿದರೆ ತಡ ಆಗಿರುವುದು ನಿಮ್ಮ ಕಡೆಯ ಕಾಗದಗಳಿಂದ. ಕೊಳ್ಳುವವರು ಎಂಟು ತಿಂಗಳು ಕಾದಿದ್ದಾರೆ. ಜಾಸ್ತಿ ಬೆಲೆ ಬಂತೆಂದು ಅವರನ್ನು ಬಿಡುವುದು ನ್ಯಾಯವೂ ಅಲ್ಲ. ಇದೇ ಕರಾರನ್ನು ಮುಂದುವರಿಸಿ.

ಇನ್ನು ಕೆಲಸದ ಮಾತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ, ಹೆಬ್ಬೆಟ್ಟು, ಸಹಿ ಎಲ್ಲ ಸೇರಿ ಒಂದು ದಿನದ ಕೆಲಸವೂ ಅಲ್ಲ. ತಡ ಆಗುವುದು ಅಲ್ಲಿಗೆ ಹೋಗುವ ಮುಂಚೆ. ಅದರಲ್ಲೂ ಒಂದು ಕಾಗದ ಸಿಕ್ಕ ಮೇಲೆ ಇನ್ನೊಂದಕ್ಕೆ ಓಡುವುದರಿಂದ. ನೀವು ಮಾಡಿರುವುದೂ ಅದೇ: ಬ್ಯಾಂಕು ಕೇಳಿದಾಗ ಒಂದೊಂದೇ ತಂದುಕೊಟ್ಟಿದ್ದೀರಿ. ಇನ್ನು ಮೇಲೆ ಎಲ್ಲ ಕೆಲಸ ಒಟ್ಟಿಗೆ ಶುರುವಾಗಲಿ. ಅತಿ ನಿಧಾನದ್ದು ಎಲ್ಲಕ್ಕಿಂತ ಮೊದಲು.

ನಿಮ್ಮಲ್ಲಿ ಅತಿ ನಿಧಾನದ್ದು ತಂಗಿಯ ಕಾಗದ. ತಂದೆಯ ಸ್ವಂತ ಸಂಪಾದನೆಯ ಮನೆ, ಉಯಿಲಿಲ್ಲ ಅಂದಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ ಮತ್ತು ಮೂವರು ಮಕ್ಕಳಿಗೆ ಸಮಪಾಲು. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಪಾಲುಂಟು. ಮದುವೆಯಾದ ಹೆಣ್ಣುಮಕ್ಕಳ ಸಹಿ ಬೇಡ ಅಂತ ಈಗಲೂ ಹೇಳುವವರಿದ್ದಾರೆ, ಕೇಳಬೇಡಿ. ತಂಗಿ ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಪವರ್ ಆಫ್ ಅಟಾರ್ನಿಗೆ (ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಸಹಿ ಮಾಡಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದು ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ಬೀರುವಿನಲ್ಲಿ ಭದ್ರವಾಗಿಟ್ಟು ಈ ಗಡುವು ಮೀರಿಸಿಕೊಂಡವರನ್ನು ನೋಡಿದ್ದೇನೆ. ಕೊರಿಯರ್ ಲಕೋಟೆಯನ್ನೂ ಎಸೆಯಬೇಡಿ, ಕಾಗದ ಎಂದು ಬಂತು ಅನ್ನುವುದಕ್ಕೆ ಅದೇ ಸಾಕ್ಷಿ.

ಆ ಪವರ್ ಆಫ್ ಅಟಾರ್ನಿಯ ಒಕ್ಕಣೆ ಇಲ್ಲಿನ ವಕೀಲರೇ ಬರೆದು ಕಳಿಸಲಿ. ಮನೆಯ ಪೂರ್ತಿ ಷೆಡ್ಯೂಲ್ (ಆಸ್ತಿಯ ವಿವರ) ಇರಬೇಕು. ಕ್ರಯಪತ್ರಕ್ಕೆ ಸಹಿ ಹಾಕಲು, ನೋಂದಣಿಗೆ ಹಾಜರುಪಡಿಸಲು, ಕರಾರು ನವೀಕರಿಸಲು, ಹಳೆ ಪತ್ರ ತಿದ್ದಿಸಲು ಅಧಿಕಾರ ಕೊಟ್ಟಿದೆ ಅಂತ ಬಿಡಿಸಿ ಬರೆದಿರಬೇಕು. ಒಂದು ಅಧಿಕಾರ ಬಿಟ್ಟುಹೋದರೆ ತಂಗಿ ಮತ್ತೆ ಕಾನ್ಸುಲೇಟಿಗೆ ಹೋಗಬೇಕಾಗುತ್ತದೆ.

ತೆರಿಗೆ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಒಬ್ಬೊಬ್ಬರ ಪಾಲು 23 ಲಕ್ಷ, 50 ಲಕ್ಷ ಮುಟ್ಟಿಲ್ಲ, ಆದ್ದರಿಂದ ಟಿ.ಡಿ.ಎಸ್. (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಇಲ್ಲ ಅಂದುಕೊಳ್ಳಬೇಡಿ. 2024ರ ಅಕ್ಟೋಬರ್‌ನಿಂದ ಎಲ್ಲ ಮಾರಾಟಗಾರರ ಪಾಲು ಸೇರಿಸಿ ನೋಡುತ್ತಾರೆ. ಅಮ್ಮ, ಅಕ್ಕ, ನಿಮ್ಮ ಪಾಲಿನಲ್ಲಿ ಕೊಳ್ಳುವವರು 1% ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅಮ್ಮನಿಗೆ ಪ್ಯಾನ್ ಕಾರ್ಡ್ ಇದೆಯಾ, ಇವತ್ತೇ ನೋಡಿ. ಇಲ್ಲದಿದ್ದರೆ 1% ಜಾಗದಲ್ಲಿ 20% ಕಡಿತವಾಗುತ್ತದೆ. ತಂಗಿ ಅನಿವಾಸಿ ಆಗಿದ್ದರೆ ಅವರ ಪಾಲಿಗೆ ಬೇರೆ ನಿಯಮ, ಕಡಿತ ತುಂಬ ಜಾಸ್ತಿ. ನಿಜವಾದ ಲಾಭಕ್ಕೆ ತಕ್ಕಷ್ಟೇ ಕಡಿತ ಮಾಡಿಸಿಕೊಳ್ಳಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಪವರ್ ಆಫ್ ಅಟಾರ್ನಿ ಕಳಿಸುವ ಹೊತ್ತಿಗೇ ಲೆಕ್ಕಪರಿಶೋಧಕರ ಮೂಲಕ ಅರ್ಜಿ ಹೋಗಲಿ.

ಈಗ 2009ರ ಸಾಲ. ಸಾಲ ತೀರಿಸಿ, ಬ್ಯಾಂಕಿನಿಂದ ಪತ್ರ ಬಿಡಿಸಿಕೊಂಡು ಬಂದರೆ ಎಲ್ಲ ಮುಗಿಯಿತು ಅಂತ ನಮ್ಮ ಹಿರಿಯರು ನಂಬಿದ್ದರು. ಸಾಲ ಕೊಡುವಾಗ ಅಡಮಾನದ ಪತ್ರ ನೋಂದಣಿ ಆಗಿದ್ದರೆ, ತೀರಿದ ಮೇಲೆ ಋಣಮುಕ್ತಿ ಪತ್ರವೂ ನೋಂದಣಿ ಆಗಬೇಕು. ಅಲ್ಲಿಯವರೆಗೆ ಇ.ಸಿ.ಯಲ್ಲಿ ಆ ನಮೂದು ಹಾಗೇ ಉಳಿಯುತ್ತದೆ. ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಸಾಲ ತೀರಿದ ಪತ್ರ, ಇ.ಸಿ. ಪ್ರತಿ, ಇಷ್ಟನ್ನು ಲಗತ್ತಿಸಿ ಆ ಶಾಖೆಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬರುವುದರಿಂದ ಏನೂ ಆಗುವುದಿಲ್ಲ, ಶಾಖೆಯ ಅಧಿಕಾರಿ ವರ್ಗವಾದರೆ ಮತ್ತೆ ಮೊದಲಿನಿಂದ ಶುರು. ತಂದೆಯ ಸಾಲ ತೀರಿದ ಪತ್ರವೇ ಸಿಗುತ್ತಿಲ್ಲ ಅಂದರೆ ಸಾಲದ ಖಾತೆ ಸಂಖ್ಯೆ ಇ.ಸಿ.ಯ ಜೊತೆ ತೆಗೆದುಕೊಂಡ ಅಡಮಾನ ಪತ್ರದ ದೃಢೀಕೃತ ನಕಲಿನಲ್ಲಿ ಸಿಗಬಹುದು, ಅದನ್ನು ಅರ್ಜಿಯಲ್ಲಿ ಬರೆಯಿರಿ.

ಇ.ಸಿ. ಬಗ್ಗೆ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆ ಪುಸ್ತಕ ನೋಡಿ ಬರೆದುಕೊಡಬೇಕು. ಬ್ಯಾಂಕು 30 ವರ್ಷದ್ದು ಕೇಳುತ್ತದೆ ಅಂತ ಗೊತ್ತಿರುವಾಗ ಎರಡಕ್ಕೂ ಒಂದೇ ದಿನ ಅರ್ಜಿ ಹಾಕಿ.

ನಾನು ನಿಮ್ಮ ಜಾಗದಲ್ಲಿದ್ದರೆ ಇವತ್ತು ರಾತ್ರಿ ಕುಳಿತು ನೋಡುವುದು ಇನ್ನೊಂದಿದೆ. ಅದು ಅಳತೆ ಮತ್ತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ನನ್ನ ತಂದೆ ಪತ್ರ ಬರಹಗಾರರಾಗಿದ್ದರು. ಜಾಗದಲ್ಲಿ ನಿಂತು ನಾಲ್ಕು ದಿಕ್ಕು ನೋಡದೆ ಚಕ್ಕುಬಂದಿ ಬರೆಯಬಾರದು ಅನ್ನುತ್ತಿದ್ದರು. ಈಗ ಹಾಗೆ ನೋಡುವವರು ಕಡಿಮೆ, ಹಳೆಯದನ್ನು ನೋಡಿ ಹೊಸದಕ್ಕೆ ಇಳಿಸುತ್ತಾರೆ, ತಪ್ಪೂ ಜೊತೆಗೆ ಇಳಿಯುತ್ತದೆ. ಪ್ರಾಧಿಕಾರದ ಸೈಟುಗಳಲ್ಲಿ ಪದೇ ಪದೇ ಕಾಣುವ ಒಂದು ತೊಡಕು ಹೇಳುತ್ತೇನೆ. ಹಂಚಿಕೆ ಪತ್ರದಲ್ಲಿ 9 ಮೀಟರ್‌ಗೆ 12 ಮೀಟರ್ ಅಂತ ಇರುತ್ತದೆ. ಅಂದರೆ 108 ಚದರ ಮೀಟರ್, ಸುಮಾರು 1162 ಚದರಡಿ. ಮನೆಯವರ ಬಾಯಲ್ಲಿ ಅದು 'ಥರ್ಟಿ ಫಾರ್ಟಿ', ಪಾಲಿಕೆಯ ಖಾತೆಯಲ್ಲೂ ಯಾರೋ 1200 ಚದರಡಿ ಅಂತ ಹಾಕಿರುತ್ತಾರೆ. ಈ 38 ಚದರಡಿ ಎಲ್ಲಿ ಹೋಯಿತು ಅಂತ ಬ್ಯಾಂಕಿನ ವಕೀಲರು ಕೇಳುತ್ತಾರೆ. ಕೇಳುವುದು ಅವರ ಕೆಲಸ. ಅಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ.

ಹಂಚಿಕೆ ಪತ್ರ, ಹಕ್ಕುಪತ್ರ, ಖಾತೆ, ಕಂದಾಯ ರಸೀದಿ ನಾಲ್ಕನ್ನೂ ಮೇಜಿನ ಮೇಲೆ ಹರಡಿಕೊಳ್ಳಿ. ಸೈಟ್ ನಂಬರು, ಅಳತೆ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ತಂದೆಯ ಹೆಸರಿನ ಇನಿಷಿಯಲ್, ಒಂದೊಂದನ್ನೂ ಬೆರಳಿಟ್ಟು ಹೋಲಿಸಿ. ವ್ಯತ್ಯಾಸ ಕಂಡರೆ ನೀವೇ ಮೊದಲು ಹೇಳಿ. ಖಾತೆಯಲ್ಲಿ ತಪ್ಪಿದ್ದರೆ ಪಾಲಿಕೆಯಲ್ಲಿ ತಿದ್ದುಪಡಿ, ಪತ್ರದಲ್ಲೇ ತಪ್ಪಿದ್ದರೆ ತಿದ್ದುಪಡಿ ಪತ್ರ ನೋಂದಣಿ. ಹಾಗೆಯೇ, ತಂದೆಗೆ ಪ್ರಾಧಿಕಾರದಿಂದ ಅಂತಿಮ ಹಕ್ಕುಪತ್ರ ಬಂದಿದೆಯೋ ಇಲ್ಲವೋ ನೋಡಿ. ಹಳೆಯ ಸೈಟುಗಳನ್ನು ಮೊದಲು ಲೀಸ್ ಕಂ ಸೇಲ್ ಕರಾರಿನ ಮೇಲೆ ಕೊಡುತ್ತಿದ್ದರು, ಅವಧಿ ಮುಗಿದ ಮೇಲೆ ಪೂರ್ಣ ಕ್ರಯಪತ್ರ. ಮನೆ ಕಟ್ಟಿ ಸಂಸಾರ ಮಾಡುತ್ತಾ ಆ ಎರಡನೇ ಪತ್ರ ಮಾಡಿಸಿಕೊಳ್ಳುವುದನ್ನು ಮರೆತವರು ಬೇಕಾದಷ್ಟು ಜನ. ಅದಿಲ್ಲದೆ ಮುಂದೆ ಒಂದು ಹೆಜ್ಜೆಯೂ ಆಗುವುದಿಲ್ಲ.

ಖಾತೆ ಇನ್ನೂ ತಂದೆಯ ಹೆಸರಲ್ಲೇ ಇದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಿ ಇ-ಖಾತಾ (ಪಾಲಿಕೆಯ ಡಿಜಿಟಲ್ ಖಾತೆ) ಪಡೆಯಿರಿ. 2024ರ ಕೊನೆಯ ತಿಂಗಳುಗಳಿಂದ ಅದಿಲ್ಲದೆ ನಗರದ ಆಸ್ತಿ ನೋಂದಣಿ ಆಗುವುದಿಲ್ಲ.

ಕೊಳ್ಳುವವರ ಬ್ಯಾಂಕಿನ ಹತ್ತಿರವೂ ಒಂದು ಕೇಳಿ: ಅವರ ವಕೀಲರ ಆಕ್ಷೇಪಗಳ ಪೂರ್ತಿ ಪಟ್ಟಿ, ಬರಹದಲ್ಲಿ. ಫೋನಿನಲ್ಲಿ ಬಂದ ಒಂದೊಂದು ಪ್ರಶ್ನೆಗೆ ಓಡಬೇಡಿ. ಪಟ್ಟಿ ಬಂದ ಮೇಲೆ ಎಲ್ಲಕ್ಕೂ ಉತ್ತರ ಒಂದೇ ಫೈಲಿನಲ್ಲಿ, ಹಳೆಯ ಪತ್ರದಿಂದ ಹೊಸದರವರೆಗೆ ವರ್ಷದ ಕ್ರಮದಲ್ಲಿ, ಮೇಲೊಂದು ಸೂಚಿ ಹಾಕಿ ಕೊಡಿ. ಇಂಥ ಫೈಲು ಬಂದರೆ ವಕೀಲರಾದ ನಮಗೂ ಕೆಲಸ ಹಗುರ, ಮೊದಲು ಅದನ್ನೇ ಎತ್ತಿಕೊಳ್ಳುತ್ತೇವೆ. ಇದು ನಾನು ಅನುಭವದಿಂದ ಹೇಳುವ ಮಾತು.

ಈಗ ಕೊಳ್ಳುವವರ ತೊಂದರೆ. 3 ಲಕ್ಷ ಕಡಿಮೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆದರೆ ನಿಮ್ಮ ತಡದಿಂದ ಅವರು ಬಾಡಿಗೆ ಕಟ್ಟುತ್ತಿದ್ದಾರೆ, ಅದು ನಿಜವಾದ ನಷ್ಟ. ಕರಾರು ಮೀರಿದ ತಿಂಗಳುಗಳ ಬಾಡಿಗೆಯನ್ನು ಬೆಲೆಯಲ್ಲಿ ವಜಾ ಮಾಡಿಕೊಳ್ಳಿ ಅಂತ ನೀವೇ ಮುಂದಾಗಿ ಹೇಳಿ. ಹಾಗೆ ಹೇಳಿದರೆ ಮಾತಿನ ಬಿಸಿ ಇಳಿಯುತ್ತದೆ. ಆಮೇಲೆ ಒಂದು ಪೂರಕ ಕರಾರು ಬರೆಸಿ, ಎಲ್ಲರೂ ಸಹಿ ಮಾಡಿ. ಹೊಸ ಗಡುವನ್ನು ಸುಮ್ನೆ ತಾರೀಕು ಹಾಕಿ ಬರೆಯಬೇಡಿ. 'ಇ-ಖಾತಾ, ಋಣಮುಕ್ತಿ ಪತ್ರ, ತಂಗಿಯ ಪವರ್ ಆಫ್ ಅಟಾರ್ನಿ ಮೂರೂ ಕೈಸೇರಿದ ದಿನದಿಂದ 45 ದಿನ' ಅಂತ ಬರೆಯಿರಿ. ಇಷ್ಟರೊಳಗೆ ಕಾಗದ ಬರದಿದ್ದರೆ ಅಡ್ವಾನ್ಸ್ ವಾಪಸ್ ಅನ್ನುವ ಕೊನೆಯ ತಾರೀಕೂ ಇರಲಿ. ಬಾಕಿ ಹಣದಲ್ಲಿ ಒಂದು ರೂಪಾಯಿಯೂ ನಗದು ಬೇಡ. ಆಸ್ತಿ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಮುಂಗಡ ಪಡೆದರೆ ಪಡೆದವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದು.

ಕೊನೆಯ ದಿನದ ಬಗ್ಗೆ. ಕ್ರಯಪತ್ರದ ಕರಡನ್ನು ಕಾವೇರಿಯಲ್ಲಿ ಮೊದಲೇ ಹಾಕುತ್ತಾರೆ, ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪಿದ ಮೇಲೆ ಹಣ ಕಟ್ಟಿ ಸಮಯ ಪಡೆಯುವುದು. ಹಿಂದಿನ ದಿನ ಡಿ.ಡಿ.ಗಳ ಫೋಟೋ ತರಿಸಿಕೊಂಡು ನೋಡಿ. ನಾಲ್ಕು ಮಾರಾಟಗಾರರು ಅಂದರೆ ನಾಲ್ಕು ಡಿ.ಡಿ., ನಾಲ್ಕು ಹೆಸರು. ಅಮ್ಮನ ಹೆಸರು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಡಿ.ಡಿ.ಯಲ್ಲೂ ಇರಬೇಕು. ಇಲ್ಲಿ ಒಂದಕ್ಷರ ತಪ್ಪಿ ಎಲ್ಲರೂ ಸೇರಿದ ದಿನ ವಾಪಸ್ ಹೋದ ಸಂಸಾರಗಳಿವೆ, ಅದರಲ್ಲಿ ವಯಸ್ಸಾದವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೋಂದಣಿ ಮುಗಿದು ಡಿ.ಡಿ. ಕೈಗೆ ಬಂದ ಮೇಲೆ ಅಲ್ಲೇ ಕೀಗೊಂಚಲು ಕೊಟ್ಟುಬಿಡಿ. ಕರೆಂಟಿನ ಕೊನೆಯ ಬಿಲ್ಲು, ನೀರಿನ ಬಿಲ್ಲು, ಕಂದಾಯ ಕಟ್ಟಿದ ರಸೀದಿ ಜೊತೆಯಲ್ಲೇ ಇರಲಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲಾಟನ್ನು 2025ರ ಮೇ ತಿಂಗಳಲ್ಲಿ 80 ಲಕ್ಷಕ್ಕೆ ಕರಾರು ಮಾಡಿದೆವು. ನಮ್ಮ ಗೃಹಸಾಲವನ್ನು ಜೂನ್ 10ರಂದು ಪೂರ್ತಿ ತೀರಿಸಿದೆವು. ಬ್ಯಾಂಕಿನವರು ಮೂಲ ಪತ್ರ ಕೊಟ್ಟಿದ್ದು ಆಗಸ್ಟ್ 3ಕ್ಕೆ. ಅಲ್ಲಿಂದ ಮುಂದೆ ಎಲ್ಲ ತಡವಾಗಿ ಸೆಪ್ಟೆಂಬರ್‌ನಲ್ಲಿ ರಿಜಿಸ್ಟ್ರೇಷನ್ ಆಯಿತು. ಅಷ್ಟರಲ್ಲಿ ನೋಂದಣಿ ಶುಲ್ಕ ಜಾಸ್ತಿಯಾಗಿತ್ತು. ಆ ಹೆಚ್ಚಿನ ಹಣ ನೀವೇ ಕೊಡಿ ಅಂತ ಕೊಂಡವರು ಫೋನ್ ಮಾಡುತ್ತಲೇ ಇದ್ದಾರೆ. ಕೊಡಬೇಕಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1%ನಿಂದ 2%ಗೆ ಏರಿತು. 80 ಲಕ್ಷಕ್ಕೆ ವ್ಯತ್ಯಾಸ 80,000 ರೂಪಾಯಿ. ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದರೆ ಮುದ್ರಾಂಕ ಮತ್ತು ನೋಂದಣಿ ಖರ್ಚು ಕೊಳ್ಳುವವರದ್ದೇ. ಬಲವಂತವಾಗಿ ವಸೂಲು ಮಾಡುವುದು ಅವರಿಗೆ ಸುಲಭವಲ್ಲ.

ಆದರೆ ನಿಮಗೆ ಬರಬೇಕಾದ ಹಣ ಒಂದಿದೆ, ಅದನ್ನು ಬಿಡಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ, 2023ರ ಡಿಸೆಂಬರ್ 1ರಿಂದ ಈಚೆಗೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ನೋಂದಣಿ ಆಗಿರುವ ಋಣಭಾರವನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಜೂನ್ 10ರಿಂದ ಆಗಸ್ಟ್ 3 ಅಂದರೆ 54 ದಿನ. 30 ಕಳೆದರೆ 24 ದಿನ, 1,20,000 ರೂಪಾಯಿ. ಸಾಲ ತೀರಿದ ಪತ್ರ ಮತ್ತು ಮೂಲ ಪತ್ರ ಪಡೆದ ದಿನ ನೀವು ಸಹಿ ಮಾಡಿದ ಸ್ವೀಕೃತಿಯ ನಕಲು ಇಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿ ಇಲ್ಲ ಅನಿಸಿದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆ ಹಣ ಬಂದರೆ ಅದರಲ್ಲಿ 80,000 ಕೊಂಡವರಿಗೆ ಕೊಡಿ ಎನ್ನುವುದು ನನ್ನ ಅಭಿಪ್ರಾಯ. ತಡದಿಂದ ನೇರವಾಗಿ ಕೈಯಿಂದ ಹಣ ಹೋಗಿದ್ದು ಅವರಿಗೆ. ಹೀಗೆ ಮಾಡುತ್ತಿದ್ದೇವೆ ಅಂತ ಈಗಲೇ ಅವರಿಗೆ ತಿಳಿಸಿದರೆ ಫೋನ್ ನಿಲ್ಲಬಹುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಯಜಮಾನರು ಇಲ್ಲ. ಶಿವಮೊಗ್ಗದಲ್ಲಿ ನನ್ನ ಹೆಸರಿನ ಚಿಕ್ಕ ಮನೆ ಮಾರುತ್ತಿದ್ದೇನೆ. ಇ-ಖಾತಾ ಅರ್ಜಿ ಹಾಕಿ ಬಹಳ ದಿನ ಆಯಿತು, ಆಗುತ್ತಿಲ್ಲ. "ಜಿ.ಪಿ.ಎ. (ಜನರಲ್ ಪವರ್ ಆಫ್ ಅಟಾರ್ನಿ) ಬರೆದುಕೊಡಿ ಮೇಡಂ, ಪೂರ್ತಿ ಹಣ ಕೊಡಿಸ್ತೀನಿ, ಮುಂದಿನದು ಅವರೇ ನೋಡ್ಕೋತಾರೆ" ಅಂತ ಬ್ರೋಕರ್ ಹೇಳುತ್ತಿದ್ದಾರೆ. ನನಗೂ ಓಡಾಡಿ ಸಾಕಾಗಿದೆ.
— ಶಿವಮೊಗ್ಗ

ಉತ್ತರ: ಅಮ್ಮಾ, ದಯವಿಟ್ಟು ಬರೆದುಕೊಡಬೇಡಿ. ಜಿ.ಪಿ.ಎ. ಮೂಲಕ ಮಾರಾಟ ಅಂದರೆ ಮಾರಾಟವೇ ಅಲ್ಲ, ಅದರಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಾಗಿ ದಾಖಲೆಯಲ್ಲಿ ಮನೆ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಕಂದಾಯದ ನೋಟಿಸು ನಿಮಗೇ ಬರುತ್ತದೆ. ಅತ್ತ ಜಿ.ಪಿ.ಎ. ಪಡೆದವರು ನಿಮ್ಮ ಪರವಾಗಿ ಯಾರ ಹತ್ತಿರ ಏನು ಬರೆದುಕೊಟ್ಟರೂ ಅದು ನೀವು ಬರೆದ ಹಾಗೇ. ಈ ವಯಸ್ಸಿನಲ್ಲಿ ಆ ಭಯ ಇಟ್ಟುಕೊಂಡು ಇರುವುದು ಬೇಡ.

ಇ-ಖಾತಾ ಎಲ್ಲಿ ನಿಂತಿದೆ ಅಂತ ತಿಳಿದುಕೊಳ್ಳಿ. ಅರ್ಜಿ ಹಾಕಿದಾಗ ಕೊಟ್ಟ ಸ್ವೀಕೃತಿಯಲ್ಲಿ ಸಂಖ್ಯೆ ಇರುತ್ತದೆ. ಅದು ಸಕಾಲದ (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ಯೋಜನೆ) ಸಂಖ್ಯೆಯಾದರೆ ಗಡುವಿನ ತಾರೀಕೂ ಅದರಲ್ಲೇ ಇರುತ್ತದೆ. ಗಡುವು ದಾಟಿದ್ದರೆ ಮೇಲ್ಮನವಿ ಹಾಕಿ. ಪರಿಹಾರ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500, ಅದು ದೊಡ್ಡದಲ್ಲ. ಆದರೆ ಮೇಲ್ಮನವಿ ಬಂದರೆ ಆ ಅರ್ಜಿ ಯಾಕೆ ನಿಂತಿದೆ ಅಂತ ಅಧಿಕಾರಿ ಬರಹದಲ್ಲಿ ಹೇಳಲೇಬೇಕಾಗುತ್ತದೆ. ಹೆಚ್ಚಿನ ಸಲ ಕಾರಣ ಸಣ್ಣದಿರುತ್ತದೆ: ಆಧಾರಿನಲ್ಲಿರುವ ಹೆಸರು ಪತ್ರದಲ್ಲಿರುವ ಹಾಗೆ ಇರುವುದಿಲ್ಲ, ಅಥವಾ ಒಂದು ವರ್ಷದ ಕಂದಾಯ ಬಾಕಿ ಇರುತ್ತದೆ. ಮದುವೆಗೆ ಮುಂಚಿನ ಮತ್ತು ಆಮೇಲಿನ ಹೆಸರು ಬೇರೆ ಬೇರೆ ಇದ್ದರೆ, ಇಬ್ಬರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಓಡಾಟಕ್ಕೆ ನಿಮ್ಮ ಹಳೆ ವಿದ್ಯಾರ್ಥಿಗಳಲ್ಲಿ ನಂಬಿಕೆಯವರೊಬ್ಬರನ್ನು ಜೊತೆಗೆ ಕರೆಯಿರಿ, ಖಂಡಿತ ಬರುತ್ತಾರೆ.

ಬ್ರೋಕರ್ ಈಗಾಗಲೇ ಖಾಲಿ ಛಾಪಾ ಕಾಗದಕ್ಕೋ ಜಿ.ಪಿ.ಎ. ಕರಡಿಗೋ ಸಹಿ ಹಾಕಿಸಿಕೊಂಡಿದ್ದರೆ ನನಗೆ ಕೂಡಲೇ ಬರೆಯಿರಿ. ಖಾಲಿ ಕಾಗದವಾದರೆ ಅದನ್ನು ಬಳಸಬಾರದು, ವಾಪಸ್ ಕೊಡಿ ಅಂತ ಇವತ್ತೇ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ. ಜಿ.ಪಿ.ಎ. ನೋಂದಣಿ ಆಗಿಬಿಟ್ಟಿದ್ದರೆ ರದ್ದು ಪತ್ರವನ್ನೂ ನೋಂದಣಿ ಮಾಡಿಸಿ, ಅದರ ನಕಲನ್ನು ಬ್ರೋಕರಿಗೆ ಮತ್ತು ಕೊಳ್ಳುವವರಿಗೆ ಇಬ್ಬರಿಗೂ ಕಳಿಸಬೇಕು.